ಇಳಕಲ್ ಸೆರಗಿನ ಕೆಂಪು ಮತ್ತು ಲೋಹದ ಬಂಧ

ಹುನಗುಂದದ ನೆರೆಯ ಇಳಕಲ್ಲಿನಲ್ಲಿ ಸೀರೆಯ ಒಡಲಿನ ಹಾಸುನೂಲಿಗೆ ಸೆರಗಿನ ರೇಷ್ಮೆಯನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುವ ನೇಯ್ಗೆಯ ಬಗ್ಗೆ ಸಾಕಷ್ಟು ಬರೆಹ ಬಂದಿದೆ. ಆದರೆ ಕೊಂಡಿಯ ಆಚೆಗಿರುವ ಆ ಸೆರಗನ್ನು ಕೆಂಪಾಗಿಸಿದ ಬಣ್ಣಗಾರಿಕೆಯ ಚರಿತ್ರೆಗೆ ಸಲ್ಲಬೇಕಾದಷ್ಟು ಗಮನ ಸಂದಿಲ್ಲ. ಬಣ್ಣದ ತೊಟ್ಟಿಯ ಕೆಲಸ ಮಗ್ಗದ ಕೆಲಸಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ.

ಕೃತಕ ಬಣ್ಣಗಳು ಬರುವ ಮೊದಲು ದಖ್ಖನ್ನಿನ ಬಣ್ಣಗಾರರು ರೇಷ್ಮೆಗೆ ಅರಗಿನಿಂದಲೂ ಹತ್ತಿಗೆ ಮಡ್ಡಿ ಮರದ ಬೇರಿನಿಂದಲೂ ಕೆಂಪು ಪಡೆಯುತ್ತಿದ್ದರು. ಹತ್ತಿ ನೂಲನ್ನು ಔಡಲ ಎಣ್ಣೆ ಮತ್ತು ಸವಳು ಮಣ್ಣಿನ ಕ್ಷಾರದಲ್ಲಿ ಮತ್ತೆ ಮತ್ತೆ ಅದ್ದಿ ಬಿಸಿಲಿಗೆ ಒಣಗಿಸಿ, ಅಳಲೆಕಾಯಿಯ ಒಗರು ಹಿಡಿಸಿ, ಪಟಿಕದ ನೀರಿನಲ್ಲಿ ನೆನೆಸಿದ ಮೇಲಷ್ಟೇ ಬೇರಿನ ಚೂರುಗಳೊಂದಿಗೆ ಕುದಿಸಲಾಗುತ್ತಿತ್ತು. ಪಟಿಕವಿಲ್ಲದ ನೂಲು ಒಗೆತಕ್ಕೆ ನಿಲ್ಲುವ ಕೆಂಪನ್ನು ಹಿಡಿಯುತ್ತಿರಲಿಲ್ಲ. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹುಳಿಯಿಸಿ ತೆಗೆದ ರಸವನ್ನು ಅಳಲೆಕಾಯಿಯ ಒಗರು ಹಿಡಿದ ನೂಲಿಗೆ ಹಾಕಿದರೆ ಅದು ಕಪ್ಪಾಗುತ್ತಿತ್ತು. ನೀಲಿಗೆ ಮಾತ್ರ ಲೋಹ ಬೇಕಿರಲಿಲ್ಲ.

ಹೀಗೆ ಬಣ್ಣವನ್ನು ನೂಲಿಗೆ ಕಟ್ಟುವ ಲವಣಕ್ಕೆ ವರ್ಣಬಂಧಕವೆಂದು ಹೆಸರು. ಅದರ ಕೆಲಸವನ್ನು ವಿವರಿಸಲು ಬೇಕಾದ ತಿಳಿವು ರಸಾಯನಶಾಸ್ತ್ರಕ್ಕೆ ಬಹಳ ತಡವಾಗಿ ಬಂದಿತು: ಲೋಹದ ಅಯಾನು, ಅಂದರೆ ವಿದ್ಯುದಂಶ ಹೊತ್ತ ಪರಮಾಣು, ತನ್ನ ಸುತ್ತ ನಿರ್ದಿಷ್ಟ ಸಂಖ್ಯೆಯ ಅಣುಗಳನ್ನು ನಿರ್ದಿಷ್ಟ ದಿಕ್ಕುಗಳಲ್ಲಿ ಹಿಡಿದಿಡುತ್ತದೆ ಎಂಬ ಸಮನ್ವಯ ಸಿದ್ಧಾಂತವನ್ನು ಆಲ್ಫ್ರೆಡ್ ವರ್ನರ್ 1893ರಲ್ಲಿ ಮಂಡಿಸಿ, 1913ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಪಟಿಕದ ಅಲ್ಯೂಮಿನಿಯಂ ಒಂದು ಕಡೆ ನೂಲನ್ನೂ ಇನ್ನೊಂದು ಕಡೆ ಬಣ್ಣದ ಅಣುವಿನ ಅಕ್ಕಪಕ್ಕದ ಎರಡು ಆಮ್ಲಜನಕಗಳನ್ನೂ ಹಿಡಿಯುವುದರಿಂದ ಬಣ್ಣ ನೀರಿಗೆ ಕರಗದೆ ಉಳಿಯುತ್ತದೆ. ಮಡ್ಡಿಯ ಬಣ್ಣದ ಹತ್ತಿರದ ಸಂಬಂಧಿಯಾದ ಅಲಿಜರಿನ್ ಎಂಬ ಬಣ್ಣದ ಕೆಂಪಿಗೆ ಅಲ್ಯೂಮಿನಿಯಂ ಜೊತೆಗೆ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಕೂಡ ಬೇಕು; ನೀರು ಬದಲಾದರೆ ಕೆಂಪು ಬದಲಾಗುತ್ತದೆ ಎಂಬ ಬಣ್ಣಗಾರರ ಅನುಭವಕ್ಕೆ ಇದೇ ಆಧಾರವಾಗಿದ್ದು, ಸುಣ್ಣಕಲ್ಲಿನ ಪದರಗಳಿರುವ ಬಾಗಲಕೋಟೆ, ಕಲಾದಗಿಗಳ ನೆಲದಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ.

ಮಡ್ಡಿಯ ಬೇರಿನಲ್ಲಿ ಬಣ್ಣದ ಅಣು ಸಕ್ಕರೆಯೊಂದಿಗೆ ಕೂಡಿಕೊಂಡು ಮೊರಿಂಡಿನ್ ಎಂಬ ರೂಪದಲ್ಲಿರುತ್ತದೆ. ಲೋಹ ಹಿಡಿಯುವುದು ಬಣ್ಣದ ಅಣುಗಳನ್ನಷ್ಟೇ ಅಲ್ಲ; ಜೀವಕೋಶದ ನ್ಯೂಕ್ಲಿಯೊಸೈಡುಗಳೂ ಸಕ್ಕರೆ ಹೊತ್ತ ಅಣುಗಳೇ. ಸಾರಜನಕವುಳ್ಳ ಒಂದು ಉಂಗುರ ಅಲ್ಲಿ ರೈಬೋಸ್ ಅಥವಾ ಅದರ ಸಮೀಪದ ಸಕ್ಕರೆಗೆ ಸೇರಿರುತ್ತದೆ. ಅವುಗಳಿಗೆ ಲೋಹ ಅಂಟುವ ಬಗೆಯಲ್ಲಿಯೂ ವರ್ನರನ ನಿಯಮವೇ ನಡೆಯುತ್ತದೆಯಾದರೂ ಆಯ್ಕೆ ಬೇರೆ: ಅಲ್ಯೂಮಿನಿಯಂ ಆಮ್ಲಜನಕವನ್ನು ಬಯಸಿದರೆ ಪ್ಲಾಟಿನಂ ಗ್ವಾನೊಸಿನ್ ಎಂಬ ನ್ಯೂಕ್ಲಿಯೊಸೈಡಿನ ಏಳನೆಯ ಸ್ಥಾನದ ಸಾರಜನಕವನ್ನು ಹಿಡಿಯುತ್ತದೆ. ಬಾರ್ನೆಟ್ ರೋಸೆನ್‌ಬರ್ಗ್ ಮತ್ತು ಸಂಗಡಿಗರು 1965ರಲ್ಲಿ ಪ್ಲಾಟಿನಂ ಸಂಯುಕ್ತಗಳು ಬ್ಯಾಕ್ಟೀರಿಯಾಗಳ ವಿಭಜನೆಯನ್ನು ತಡೆಯುವುದನ್ನು ಕಂಡುಕೊಂಡ ಬಳಿಕ ಬಂದ ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧ ಡಿಎನ್‌ಎಯನ್ನು ಹಿಡಿಯುವುದು ಇಂಥದೇ ಬಂಧದಿಂದ. ಕೆಂಪಿಗೆ ಪಟಿಕ, ಕಪ್ಪಿಗೆ ಕಬ್ಬಿಣ ಎಂದು ವಿಂಗಡಿಸಿದ್ದ ಬಣ್ಣಗಾರರೂ ಯಾವ ಲೋಹಕ್ಕೆ ಯಾವ ಅಣು ಎಂಬ ಈ ಆಯ್ಕೆಯನ್ನೇ ಅನುಭವದಿಂದ ಮಾಡಿದ್ದರೆಂದು ಗೌರವದಿಂದ ಒಪ್ಪಬೇಕಾಗುತ್ತದೆ.

ಆದರೆ ರಸಾಯನಶಾಸ್ತ್ರಜ್ಞರಾದ ಗ್ರೇಬೆ ಮತ್ತು ಲೀಬರ್‌ಮನ್ 1868ರಲ್ಲಿ ಅಲಿಜರಿನ್ನನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಮೇಲೆ ಕಾರ್ಖಾನೆಯ ಪುಡಿ ಭಾರತದ ಪೇಟೆಗಳಿಗೂ ಬಂದಿತು. ಅದಕ್ಕೂ ಪಟಿಕ ಬೇಕಾಗಿದ್ದರಿಂದ ಬಣ್ಣಗಾರರ ಅರ್ಧ ವಿದ್ಯೆಯಾದರೂ ಉಳಿದಿತ್ತು. 20ನೆಯ ಶತಮಾನದಲ್ಲಿ ಲೋಹದ ನೆರವಿಲ್ಲದೆ ನೂಲಿನೊಳಗೇ ರೂಪುಗೊಳ್ಳುವ ನ್ಯಾಫ್ತಾಲ್ ಬಣ್ಣಗಳು ಕೈಮಗ್ಗದ ಹತ್ತಿಗೆ ಬಂದಾಗ ಆ ಅರ್ಧ ವಿದ್ಯೆಗೂ ಕೆಲಸವಿಲ್ಲದಾಯಿತು. ಮಡ್ಡಿಯ ಸಾಗುವಳಿ ದಖ್ಖನ್ನಿನ ಹೊಲಗಳಿಂದ ಮರೆಯಾಯಿತು. ಮೂರು ನಾಲ್ಕು ವರ್ಷದ ಗಿಡವನ್ನು ಅಗೆದು, ದಪ್ಪ ಬೇರನ್ನು ಬದಿಗಿಟ್ಟು, ಬಣ್ಣ ಹೆಚ್ಚಿರುವ ತೆಳ್ಳನೆಯ ಬೇರನ್ನು ಆರಿಸುತ್ತಿದ್ದ ಕೈಗಳಿಗೂ ಬೇಡಿಕೆ ಇಲ್ಲವಾಯಿತು.