ಗುಂಡ್ಲು ಹೊಳೆ (ಕೌಂಡಿನ್ಯ ನದಿ)

ಗುಂಡ್ಲು ಹೊಳೆಯು ಕಪಿಲಾ (ಕಬಿನಿ) ನದಿಯ ಒಂದು ಕಿರು ಉಪನದಿಯಾಗಿದ್ದು, ಸ್ಥಳಪುರಾಣಗಳಲ್ಲಿ ಕೌಂಡಿನ್ಯ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುತ್ತದೆ. ಗುಂಡ್ಲುಪೇಟೆ ತಾಲ್ಲೂಕಿನ ದಕ್ಷಿಣದ ಬೆಟ್ಟಸಾಲಿನ ನೀರನ್ನು ಕೂಡಿಸಿಕೊಂಡು ಉತ್ತರಾಭಿಮುಖವಾಗಿ ಹರಿಯುವ ಈ ಹೊಳೆಯು, ಮೈಸೂರು ನಗರದಿಂದ ಸುಮಾರು 23 ಕಿ.ಮೀ. ದೂರದ ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ. ಸಂಗಮದ ಬಳಿ ಪರಶುರಾಮ ಕ್ಷೇತ್ರವಿದೆ. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾಗುವವರೆಗೆ ಇಡೀ ಹೊಳೆಯು ಮೈಸೂರು ಜಿಲ್ಲೆಯಲ್ಲಿಯೇ ಇದ್ದಿತು. ಈಗ ಮೇಲ್ಭಾಗ ಒಂದು ಜಿಲ್ಲೆಗೆ, ಕೆಳಭಾಗ ಇನ್ನೊಂದು ಜಿಲ್ಲೆಗೆ ಒಳಪಟ್ಟಿರುತ್ತದೆ.

ಹೊಳೆ ಎಂದು ಕರೆಯಲಾಗುತ್ತಿದ್ದರೂ ವರ್ಷದ ಬಹುಕಾಲ ಇದರಲ್ಲಿ ಹರಿವು ಇರುವುದಿಲ್ಲ. ಕಪಿಲೆಗೆ ಕೇರಳದ ವಯನಾಡಿನ ಮುಂಗಾರು ಮಳೆಯ ಆಸರೆಯುಂಟು. ಗುಂಡ್ಲುವಿನ ಪ್ರದೇಶವಾದರೋ ಮಳೆನೆರಳಿನಲ್ಲಿದ್ದು, ಮುಂಗಾರುಪೂರ್ವದ ಮಳೆಯನ್ನೂ ಸೆಪ್ಟೆಂಬರ್-ಅಕ್ಟೋಬರ್ ತಿಂಗಳ ಮಳೆಯನ್ನೂ ನೆಚ್ಚಿಕೊಂಡಿದೆ. ಆದುದರಿಂದ ನಂಜನಗೂಡಿನಲ್ಲಿ ಕಪಿಲೆಯು ಪ್ರವಾಹದಿಂದ ತುಂಬಿರುವಾಗಲೂ ಪಕ್ಕದ ಕೌಂಡಿನ್ಯ ಒಣಗಿರುವುದು ಸಾಧ್ಯ.

ಈ ಕೊರತೆಯನ್ನು ಅರಿತೇ ಹಿಂದಿನವರು ಹಳ್ಳಗಳಿಗೆ ಕಟ್ಟೆ ಕಟ್ಟಿ ಕೆರೆಗಳನ್ನು ನಿರ್ಮಿಸಿದರು. ಒಂದು ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು, ಕೊನೆಗೆ ಹೊಳೆಗೆ. ತೂಬಿನ ನೀರನ್ನು ಗದ್ದೆಗಳಿಗೆ ಸರದಿಯಂತೆ ಹಾಯಿಸುವ ಹೊಣೆ ನೀರುಗಂಟಿಗಳದಾಗಿತ್ತು. ಕೊಳವೆಬಾವಿಗಳು ಬಂದ ತರುವಾಯ ಈ ವ್ಯವಸ್ಥೆ ಸಡಿಲವಾಯಿತು. ಅರಿಶಿನ, ಸಣ್ಣ ಈರುಳ್ಳಿ, ಬೀಟ್‌ರೂಟ್ ಮೊದಲಾದ ಬೆಳೆಗಳು ಅಂತರ್ಜಲವನ್ನೇ ಅವಲಂಬಿಸಿದವು. ಬಂಡೀಪುರದ ಕಾಡಂಚಿನ ಜೇನುಕುರುಬ ಹಾಗೂ ಸೋಲಿಗ ಹಾಡಿಗಳ ಜನರಿಗೂ ಕಾಡಿನ ಪ್ರಾಣಿಗಳಿಗೂ ಮೇಲ್ಭಾಗದ ಕೆರೆಕಟ್ಟೆಗಳೇ ಆಧಾರ. ಅವು ಬತ್ತಿದ ಬೇಸಿಗೆಯಲ್ಲಿ ಆನೆಗಳು ನೀರನ್ನರಸಿ ಊರಿನತ್ತ ಬರುವುದು ಸಹಜವೇ ಆಗಿದೆ.

ಏತ ನೀರಾವರಿ ಯೋಜನೆಯ ಮೂಲಕ ನಂಜನಗೂಡು ತಾಲ್ಲೂಕಿನ ಆಲಂಬೂರಿನ ಬಳಿ ಕಪಿಲೆಯ ನೀರನ್ನೆತ್ತಿ ಗುಂಡ್ಲುಪೇಟೆ ತಾಲ್ಲೂಕಿನ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಯಾವ ಕೆರೆಗಳ ನೀರು ಇಳಿದು ಕಪಿಲೆಯನ್ನು ಸೇರಬೇಕಿತ್ತೋ, ಆ ಕೆರೆಗಳಿಗೇ ಕಪಿಲೆಯ ನೀರು ವಿದ್ಯುತ್ ವೆಚ್ಚದಲ್ಲಿ ಹತ್ತಿ ಬರುತ್ತಿರುವುದು ಗಮನಾರ್ಹ. ಇದರಿಂದ ಕೆರೆಗಳ ಸುತ್ತಲಿನ ಬಾವಿಗಳಿಗೆ ಅನುಕೂಲವಾಗುವುದು ನಿಜ. ಆದರೆ ಪಂಪಿನ ನೀರು ಪಟ್ಟಿಯಲ್ಲಿರುವ ಕೆರೆಗಳಿಗೆ ಮಾತ್ರ ಸೇರುತ್ತದೆ. ಉಳಿದವುಗಳಿಗೆ ಮಳೆ ಮತ್ತು ಪೋಷಕ ಕಾಲುವೆಗಳೇ ಗತಿ. ಒತ್ತುವರಿಯಿಂದ ಮುಚ್ಚಿಹೋದ ಒಂದು ಕಾಲುವೆಯು ಒಳ್ಳೆಯ ಮಳೆಯ ವರ್ಷದಲ್ಲಿಯೂ ಕೆರೆಯನ್ನು ಬರಿದಾಗಿಡಬಲ್ಲದು.

ಹಳ್ಳ, ಕಾಲುವೆ ಹಾಗೂ ಕೆರೆಯಂಗಳದ ಎಲ್ಲೆಗಳನ್ನು ಗ್ರಾಮ ನಕ್ಷೆಯಲ್ಲಿ ಗುರುತಿಸಲಾಗಿರುತ್ತದೆ. ಒತ್ತುವರಿ ಕಂಡುಬಂದಲ್ಲಿ ಸಾರ್ವಜನಿಕರು ಗ್ರಾಮದ ಹೆಸರು ಮತ್ತು ಸರ್ವೆ ನಂಬರಿನೊಡನೆ ಸಂಬಂಧಪಟ್ಟ ತಹಶೀಲ್ದಾರರ ಕಚೇರಿಗೆ ಲಿಖಿತ ಅರ್ಜಿ ಸಲ್ಲಿಸಬಹುದಾಗಿದೆ.