ಬ್ಯಾಂಜೋ ವಾದ್ಯದ ಅಕ್ಷರಾಭ್ಯಾಸ

ವಿಧಿವತ್ತಾಗಿ ಓದದೆಯೇ ಕಾವ್ಯಪ್ರಯೋಗದಲ್ಲಿ ನಿಪುಣರಾದ ಜನ ಈ ನಾಡಿನವರು ಎಂದು ಕವಿರಾಜಮಾರ್ಗಕಾರನು 9ನೆಯ ಶತಮಾನದಲ್ಲಿಯೇ ಕನ್ನಡಿಗರನ್ನು ಕೊಂಡಾಡಿದ್ದಾನೆ. ಈ ಮಾತನ್ನು ತರಗತಿಯಲ್ಲಿ ವರ್ಷವರ್ಷವೂ ವಿವರಿಸುವ ನನಗೆ, ಇದು ಸಲ್ಲಬಹುದಾದ ಇನ್ನೊಂದು ಜನಸಮುದಾಯದ ನೆನಪು ಈಚೆಗೆ ಬರತೊಡಗಿದೆ. ದಾಸ್ಯದ ಸಂಕೋಲೆಯಲ್ಲಿ ಅಮೆರಿಕ ಖಂಡಕ್ಕೆ ಬಂದ ಆಫ್ರಿಕದ ಜನ ಅವರು. ಅವರ ಕೈಯಲ್ಲಿ ಹುಟ್ಟಿದ ವಾದ್ಯ ಬ್ಯಾಂಜೋ. ಓದದೆ ನುಡಿಸಿದವರ ವಾದ್ಯವು ಓದಿ ನುಡಿಸುವವರ ವಾದ್ಯವಾದ ಕಥೆ ಸ್ವಾರಸ್ಯವಾದುದು. ಅದರಲ್ಲಿ ಲಾಭವೂ ಉಂಟು, ನಷ್ಟವೂ ಉಂಟು.

ನಮ್ಮ ಊರುಗಳ ವಾದ್ಯಗೋಷ್ಠಿಗಳಲ್ಲಿ ಬ್ಯಾಂಜೋ ಎಂದು ಕರೆಯುವುದು ಬುಲ್‌ಬುಲ್ ತರಂಗವನ್ನು. ಬೆರಳಚ್ಚು ಯಂತ್ರದಂತೆ ಗುಂಡಿಗಳುಳ್ಳ ಆ ಪೆಟ್ಟಿಗೆಯ ಮೂಲ ಜಪಾನು. ನಾನು ಹೇಳುವ ವಾದ್ಯ ಬೇರೆ. ದುಂಡನೆಯ ಬಳೆಗೆ ಚರ್ಮ ಬಿಗಿದು, ಉದ್ದನೆಯ ಕತ್ತು ಜೋಡಿಸಿ, ಐದು ತಂತಿ ಕಟ್ಟಿದರೆ ಅದು ಬ್ಯಾಂಜೋ. ಐದನೆಯ ತಂತಿ ಮಾತ್ರ ಗಿಡ್ಡ. ಅದರ ಬಿರಡೆ ಕತ್ತಿನ ನಡುವೆಯೇ ಇದೆ. ವೀಣೆಯ ಪಕ್ಕದಲ್ಲಿ ತಾಳದ ತಂತಿಗಳನ್ನು ಕಂಡವರಿಗೆ ಇದು ಹೊಸದೆನಿಸದು. ಅಲ್ಲಿ ಕಿರುಬೆರಳು ಮಾಡುವ ಕೆಲಸವನ್ನು ಇಲ್ಲಿ ಹೆಬ್ಬೆರಳು ಮಾಡುತ್ತದೆ.

ಇಂಗ್ಲೆಂಡಿನ ವೈದ್ಯ ಹ್ಯಾನ್ಸ್ ಸ್ಲೋನ್ 1687ರಲ್ಲಿ ಜಮೈಕಾ ದ್ವೀಪಕ್ಕೆ ಹೋಗಿದ್ದನು. 1707ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಅಲ್ಲಿಯ ದಾಸರು ನುಡಿಸುತ್ತಿದ್ದ ಸೋರೆಬುರುಡೆಯ ವಾದ್ಯಗಳ ಚಿತ್ರವಿದೆ. ಬ್ಯಾಪ್ಟಿಸ್ಟ್ ಎಂಬ ಸಂಗೀತಗಾರ ಬರೆದುಕೊಂಡ ಅವರ ಹಾಡುಗಳ ಸ್ವರಗಳೂ ಇವೆ. ನುಡಿಸಿದವರು ಒಬ್ಬರು, ಬರೆದವರು ಮತ್ತೊಬ್ಬರು. ಈ ವಾದ್ಯದ ಮುಂದಿನ ಚರಿತ್ರೆಯಲ್ಲಿ ಬಹುಭಾಗ ಈ ಒಂದು ವಾಕ್ಯದಲ್ಲಿಯೇ ಅಡಗಿದೆ.

1840ರ ದಶಕದಲ್ಲಿ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು, ಕರಿಯರನ್ನು ಅಣಕಿಸುತ್ತ, ಬ್ಯಾಂಜೋ ನುಡಿಸುವ ಆಟಗಳು ಅಮೆರಿಕದ ನಗರಗಳಲ್ಲಿ ಹುಚ್ಚೆಬ್ಬಿಸಿದವು. ಅದರ ಬೆನ್ನಿಗೇ ಬೋಧಿನಿಗಳು ಬಂದವು. 1855ರಲ್ಲಿ ಬೋಸ್ಟನ್ನಿನಲ್ಲಿ ಅಚ್ಚಾದ ಥಾಮಸ್ ಬ್ರಿಗ್ಸನ ಬೋಧಿನಿ ಅವುಗಳಲ್ಲಿ ಮೊದಲ ಸಾಲಿನದು. ಅದರ ಸಂಗೀತವೆಲ್ಲ ಐದು ಗೆರೆಗಳ ಸ್ವರಲಿಪಿಯಲ್ಲಿದೆ. ಬಳಿಕ ಫಿಲಡೆಲ್ಫಿಯಾದ ಎಸ್. ಎಸ್. ಸ್ಟೂವರ್ಟ್ ಬಂದನು. ಬ್ಯಾಂಜೋ ತಯಾರಿಸಿ ಮಾರುತ್ತಿದ್ದ ಈತ 1880ರ ದಶಕದಲ್ಲಿ ತನ್ನದೇ ಪತ್ರಿಕೆಯನ್ನು ನಡೆಸಿ, ಬ್ಯಾಂಜೋವನ್ನು ಪಿಯಾನೋ, ಪಿಟೀಲುಗಳ ಸರಿಸಮಕ್ಕೆ ಕೂರಿಸಬೇಕೆಂದು ಹಟ ತೊಟ್ಟನು. ಯಾವ ತಂತಿ, ಎಷ್ಟನೆಯ ಮೆಟ್ಟಿಲು ಎಂದು ಅಂಕಿಗಳಲ್ಲಿ ತೋರಿಸುವ ಸುಲಭಮಾರ್ಗ ಅವನಿಗೆ ಆಗದು. ಸ್ವರಲಿಪಿ ಓದಲಾರದವನು ಸಂಗೀತಗಾರನೇ ಅಲ್ಲವೆಂಬುದು ಅವನ ವಾದ. ವ್ಯಾಪಾರಿಯ ಬುದ್ಧಿಯೂ ಇದರಲ್ಲಿ ಇರದೆ ಇಲ್ಲ. ದೊಡ್ಡಮನೆಯ ದಿವಾನಖಾನೆಗೆ ವಾದ್ಯ ಹೋಗಬೇಕಾದರೆ ಅದಕ್ಕೆ ವಿದ್ಯೆಯ ಉಡುಪು ಬೇಕು.

ಆದರೆ ಅದೇ ಸ್ಟೂವರ್ಟ್ ತಲೆಬಾಗಿದ ಕಲಾವಿದರಲ್ಲಿ ಹೊರೇಸ್ ವೆಸ್ಟನ್ ಒಬ್ಬನು. 1825ರಲ್ಲಿ ಕನೆಕ್ಟಿಕಟ್ ಪ್ರಾಂತದಲ್ಲಿ ಹುಟ್ಟಿದ ಈ ಕರಿಯ ವಾದಕ ಯೂರೋಪಿನವರೆಗೂ ಹೋಗಿ ಹೆಸರು ಗಳಿಸಿದನು. ಅವನ ಹೆಸರಿನ ಕೃತಿಗಳನ್ನು ಸ್ಟೂವರ್ಟನೇ ಅಚ್ಚು ಹಾಕಿಸಿದನು. ಕಪ್ಪು ಕೈಗಳಿಂದ ಬಂದ ವಾದ್ಯ ಬಿಳಿಯ ಕಾಗದಕ್ಕೆ ಏರಿದಾಗ ಇಂಥ ಹೆಸರುಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದುಕೊಂಡವು.

ಈ ಲಿಪಿಯನ್ನು ಕಲಿಯತೊಡಗಿದ ಮೇಲೆ ನನಗೆ ಪದೇಪದೇ ನೆನಪಾದದ್ದು ನಮ್ಮ ಛಂದಸ್ಸಿನ ಪ್ರಸ್ತಾರ. ಅಲ್ಲಿ ಲಘು ಗುರುಗಳ ಗುರುತು. ಇಲ್ಲಿ ಬಲಗೈ ಬೆರಳುಗಳ ಗುರುತು. ಒಂದು ಚುಕ್ಕೆ ಇದ್ದರೆ ತೋರುಬೆರಳು, ಎರಡು ಚುಕ್ಕೆ ಇದ್ದರೆ ನಡುಬೆರಳು, ಕತ್ತರಿಯ ಗುರುತಿದ್ದರೆ ಹೆಬ್ಬೆರಳು. ಸ್ವರವನ್ನು ಗೆರೆ ಹೇಳುತ್ತದೆ, ಆದರೆ ಅದನ್ನು ಎಲ್ಲಿ ಹಿಡಿಯಬೇಕೆಂದು ಹೇಳುವುದಿಲ್ಲ. ಮೊದಲನೆಯ ತಂತಿಯ 5ನೆಯ ಮೆಟ್ಟಿಲಿನಲ್ಲಿ ಬರುವ ಸ್ವರವೇ ಗಿಡ್ಡ ತಂತಿಯನ್ನು ಬರಿದೇ ಮೀಟಿದರೂ ಬರುತ್ತದೆ. ಆದ್ದರಿಂದ ಗಿಡ್ಡ ತಂತಿಯದಾದರೆ ಸ್ವರಕ್ಕೆ ಜೋಡಿ ಬಾಲ ಹಚ್ಚುತ್ತಾರೆ. ಕೈ ಎಲ್ಲಿರಬೇಕೆಂದು ತೋರಿಸಲು ಮೇಲೆ ಅಂಕಿಯನ್ನು ಬರೆಯುತ್ತಾರೆ. ಸ್ಟೂವರ್ಟ್ ಹೊರಗಟ್ಟಿದ ಅಂಕಿ ಹೀಗೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು!

ಇನ್ನೊಂದು ತೊಡಕು ಉಂಟು. ಬ್ಯಾಂಜೋವಿನ ಶ್ರುತಿ ಕಾಲಕ್ರಮದಲ್ಲಿ ಏರುತ್ತ ಹೋಯಿತು. ಅಮೆರಿಕದವರ ಬರಹ ಮಾತ್ರ ಹಳೆಯ ಜಾಗದಲ್ಲಿಯೇ ನಿಂತಿತು. ಕಾಗದದಲ್ಲಿ ಎ ಎಂದಿದ್ದರೆ ಕಿವಿಗೆ ಬೀಳುವುದು ಸಿ. ಶ್ರುತಿ ಎಲ್ಲಿಗೆ ಏರಿದರೂ ಷಡ್ಜವನ್ನು ಷಡ್ಜವೆಂದೇ ಕರೆಯುವ ನಮಗೆ ಇದು ವಿಚಿತ್ರವಲ್ಲ. ಇಂಗ್ಲೆಂಡಿನವರಾದರೋ ಸಿ ಎಂದು ನುಡಿದದ್ದನ್ನು ಸಿ ಎಂದೇ ಬರೆದರು. ಜೋ ಮಾರ್ಲಿಯಂಥ ಇಂಗ್ಲಿಷ್ ರಚನಕಾರರ ಕೃತಿಗಳು ಆ ಲಿಪಿಯಲ್ಲಿವೆ. 20ನೆಯ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಅಮೆರಿಕದವರೂ ಅದನ್ನೇ ಒಪ್ಪಿಕೊಂಡರು. ಹಳೆಯ ಪುಟವನ್ನು ಓದಬೇಕಾದರೆ ಅದು ಯಾವ ದೇಶದ್ದು, ಯಾವ ಕಾಲದ್ದು ಎಂದು ಮೊದಲು ವಿಚಾರಿಸಬೇಕು. ನಾವು ತಾಳೆಗರಿಯ ಲಿಪಿಯನ್ನು ವಿಚಾರಿಸುವ ಹಾಗೆ.

ಹೀಗೆ ಲಿಪಿ ಪಕ್ವವಾಗುತ್ತಿದ್ದ ಕಾಲದಲ್ಲಿಯೇ ಧ್ವನಿಮುದ್ರಣವೂ ಬಂದಿತು. ಈ ಶೈಲಿಯ ಮೇರುಗಳಲ್ಲಿ ಒಬ್ಬನಾದ ಫ್ರೆಡ್ ವ್ಯಾನ್ ಎಪ್ಸ್ ತನ್ನ ಹಿರಿಯ ವಾದಕ ವೆಸ್ ಆಸ್‌ಮನ್‌ನ ಮೇಣದ ಸಿಲಿಂಡರುಗಳನ್ನು ಕೇಳಿ ಕಲಿತನು. ಕಿವಿ ಮತ್ತೆ ಗುರುವಾಯಿತು. ಜಾಜ಼್ ಸಂಗೀತದ ಅಬ್ಬರದಲ್ಲಿ ಈ ಬೆರಳ ಶೈಲಿ ಮೂಲೆಗೆ ಸೇರಿತು; ಅಳಿದುಳಿದ ಅಭಿಮಾನಿಗಳು 1948ರಲ್ಲಿ ಅಮೆರಿಕನ್ ಬ್ಯಾಂಜೋ ಫ್ರೆಟರ್ನಿಟಿ ಎಂಬ ಬಳಗ ಕಟ್ಟಿಕೊಂಡು ಅದನ್ನು ಕಾಪಾಡಿದರು. ಕಾಪಾಡಲು ಸಾಧ್ಯವಾದದ್ದಾದರೂ ಏತರಿಂದ? ಅಚ್ಚಾದ ಹಾಳೆಗಳು ಇದ್ದುದರಿಂದ ಅಲ್ಲವೆ?

ಇಲ್ಲಿ ನಮ್ಮ ಮನೆಯ ಕಡೆಗೆ ನೋಡಬೇಕು. ಪುರಂದರದಾಸರ ಪದಗಳ ಮಾತು ನಮಗೆ ದೊರಕಿದೆ. ಹಸ್ತಪ್ರತಿಗಳಲ್ಲಿ ರಾಗ ತಾಳಗಳ ಹೆಸರೂ ಕಾಣುವುದುಂಟು. ದಾಸರು ಹಾಡಿದ ಧಾಟಿ ದೊರಕಿಲ್ಲ. ಬರೆದಿಡುವವರಿದ್ದಿದ್ದರೆ! 1904ರಲ್ಲಿ ಸುಬ್ಬರಾಮ ದೀಕ್ಷಿತರು ಎಟ್ಟಯಪುರದಲ್ಲಿ ಸಂಗೀತ ಸಂಪ್ರದಾಯ ಪ್ರದರ್ಶಿನಿಯನ್ನು ಅಚ್ಚು ಮಾಡಿಸಿದಾಗ ಸ್ವರದ ಜೊತೆಗೆ ಗಮಕಕ್ಕೂ ಗುರುತು ಹಾಕಿದರು. ಆ ದೂರದೃಷ್ಟಿ ಇರದಿದ್ದರೆ ಮುತ್ತುಸ್ವಾಮಿ ದೀಕ್ಷಿತರ ಎಷ್ಟು ಕೃತಿಗಳು ಸ್ವರ ಕಳೆದುಕೊಳ್ಳುತ್ತಿದ್ದವೋ!

ಲಿಪಿಯನ್ನು ಹಳಿಯುವುದು ಸುಲಭ. ಅದು ಉಸಿರನ್ನು ಹಿಡಿಯದು ಎಂಬ ಮಾತು ನಿಜವೇ. ಪ್ರಸ್ತಾರ ಹಾಕಿದ ಮಾತ್ರಕ್ಕೆ ಪಂಪನನ್ನು ಓದಿದಂತಾಗುವುದಿಲ್ಲ. ಆದರೂ ವಾದಕ ಸತ್ತು, ಕೇಳಿದವರೂ ಸತ್ತು, ವಾದ್ಯದ ಚರ್ಮ ಸಡಿಲವಾದ ಮೇಲೆ ಉಳಿಯುವುದು ಚುಕ್ಕೆ, ಗೆರೆ, ಕತ್ತರಿಯ ಗುರುತುಗಳೇ. ಲಿಪಿ ಇದ್ದುದು ತಪ್ಪಲ್ಲ. ವಾದ್ಯವನ್ನು ಕಟ್ಟಿಕೊಟ್ಟವರ ಕೈಗೆ ಅದು ದಕ್ಕದೆ ಹೋದದ್ದು ತಪ್ಪು. ಮೊದಲು ನುಡಿಸಿದವರ ಹೆಸರು ಆ ಹಾಳೆಗಳ ಮೇಲಿಲ್ಲ. ಆದರೆ ಗಿಡ್ಡ ತಂತಿಗೆ ಜೋಡಿ ಬಾಲ ಹಚ್ಚಿದಲ್ಲೆಲ್ಲ ಅವರ ಹೆಬ್ಬೆರಳು ಇದೆ. ಅದನ್ನು ಓದಲು ಕಲಿಯುವುದೇ ಅವರಿಗೆ ನಾವು ಸಲ್ಲಿಸಬಹುದಾದ ಸಣ್ಣ ಋಣ.