ಮನೆ, ಬೀದಿ, ಬಸ್ಸು: ಕುಂಭಾರಿ ಹೇಳುವ ಪಾಠ

ಅಕ್ಕಲಕೋಟೆಯಲ್ಲಿ ಸೊಲ್ಲಾಪುರದ ಬಸ್ಸು ಹತ್ತಿದವರು ವಳಸಂಗ ದಾಟಿದ ಮೇಲೆ, ಕುಂಭಾರಿ ಹತ್ತಿರ ಬಂದಾಗ ಒಮ್ಮೆ ಕಿಟಕಿಯಿಂದ ಹೊರಗೆ ನೋಡಬೇಕು. ಒಂದು ಕಾಲಕ್ಕೆ ಹೊಲವಿದ್ದ ಕಡೆ ಇಂದು ಸಾವಿರಾರು ಮನೆಗಳು ಎದ್ದು ನಿಂತಿವೆ. ಇದು ಯಾವ ಸಾಹುಕಾರನೂ ಲಾಭಕ್ಕೆಂದು ಹಾಕಿದ ಬಡಾವಣೆಯಲ್ಲ. ಬೀಡಿ ಕಟ್ಟುವ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು, ಹೋರಾಡಿ ಪಡೆದ ನೆಲೆ. ಆ ಕಥೆಯನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಸೊಲ್ಲಾಪುರ ನಮಗೆ ಪರಸ್ಥಳವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅದು ಶಿವಯೋಗಿ ಸಿದ್ಧರಾಮರ ಸೊನ್ನಲಿಗೆ. ಸಿದ್ಧರಾಮರು ವಚನ ಬರೆದದ್ದಷ್ಟೇ ಅಲ್ಲ, ಕೆರೆಯನ್ನೂ ಕಟ್ಟಿಸಿದರು. ನೀರಿಲ್ಲದ ಕಡೆ ಊರು ನಿಲ್ಲದು ಎಂಬುದನ್ನು ಅವರು ಬಲ್ಲವರಾಗಿದ್ದರು.

ಮುಂದೆ 1860ರಲ್ಲಿ ಸೊಲ್ಲಾಪುರಕ್ಕೆ ರೈಲು ಬಂತು. 1877ರಲ್ಲಿ ಮೊದಲ ಹತ್ತಿ ಗಿರಣಿ ಶುರುವಾಯಿತು. ಜನರ ಬಾಯಲ್ಲಿ ಅದು 'ಜುನಿ ಮಿಲ್' ಎಂದೇ ಉಳಿಯಿತು. ತೆಲಂಗಾಣದಿಂದ ಪದ್ಮಶಾಲಿ ನೇಕಾರರು ಬಂದರು. ಸುತ್ತಲಿನ ಮರಾಠಿ, ಕನ್ನಡ ಹಳ್ಳಿಗಳವರೂ ದುಡಿಮೆ ಹುಡುಕಿಕೊಂಡು ಬಂದರು. ಗಿರಣಿಯ ಭೋಂಗಾ ಕೂಗಿದರೆ ಊರೆಲ್ಲ ಏಳುತ್ತಿತ್ತು. ಆದರೆ ಬಂದವರಿಗೆ ಸಿಕ್ಕಿದ್ದೇನು? ಚಾಳಿನಲ್ಲಿ ಒಂದು ಖೋಲಿ, ಹತ್ತು ಮನೆಗೆ ಒಂದು ನಳ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಗಂಡಸಿನ ಪಗಾರ ನಿಂತ ಎಷ್ಟೋ ಮನೆಗಳಲ್ಲಿ ಹೆಂಗಸಿನ ಬೀಡಿಯೇ ಒಲೆ ಹೊತ್ತಿಸಿತು.

ಬೀಡಿ ಕೆಲಸದ ರೀತಿಯೇ ಬೇರೆ. ಎಲೆ, ತಂಬಾಕು, ನೂಲು ಮನೆಗೆ ತರಬೇಕು. ಎಲೆ ನೆನೆಸಿ, ಅಳತೆಗೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ನೂಲು ಕಟ್ಟಬೇಕು. ಕಟ್ಟಿದ್ದನ್ನು ಎಣಿಸಿ ಕಾರ್ಖಾನೆಗೆ ಒಪ್ಪಿಸಬೇಕು. ಕೂಲಿ ಸಾವಿರದ ಲೆಕ್ಕ. ಎಂದರೆ, ಆಕೆಗೆ ಮನೆಯೇ ಕಾರ್ಖಾನೆ. ಅಡುಗೆ ಮಾಡುವ, ಕೂಸು ಮಲಗುವ ಅದೇ ಖೋಲಿಯಲ್ಲಿ ತಂಬಾಕಿನ ಧೂಳೂ ಇರುತ್ತದೆ. ಗಾಳಿ ಬೆಳಕಿನ ಮನೆ ಬೇಕೆಂದು ಆಕೆ ಕೇಳಿದ್ದು ಶೋಕಿಗಲ್ಲ; ಜೀವಕ್ಕೆ, ಜೀವನಕ್ಕೆ.

ಕಾನೂನಿನಲ್ಲಿ ಒಂದು ಆಸರೆ ಇತ್ತು. ಬೀಡಿ ಕಾರ್ಮಿಕರಿಗಾಗಿ 1966ರಲ್ಲಿ ಕೇಂದ್ರದ ಕಾಯ್ದೆ ಬಂತು. 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂದು, ಬೀಡಿಯ ಮೇಲಿನ ಉಪಕರದ ಹಣ ದವಾಖಾನೆ, ಮಕ್ಕಳ ವಿದ್ಯಾರ್ಥಿವೇತನ, ಮನೆಗಳಿಗೆ ಒದಗುವಂತಾಯಿತು. ಆದರೆ ಕಾಗದದ ಮೇಲಿನ ಹಕ್ಕು ತಾನಾಗಿ ನಡೆದು ಬಾಗಿಲಿಗೆ ಬರುವುದಿಲ್ಲ. ಕಾರ್ಮಿಕ ಮುಖಂಡ, ಶಾಸಕರೂ ಆಗಿದ್ದ ನರಸಯ್ಯ ಆಡಮ್ ಅವರ ಮುಂದಾಳುತನದಲ್ಲಿ ಬೀಡಿ ಮಹಿಳೆಯರು ಗೃಹನಿರ್ಮಾಣ ಸಹಕಾರಿ ಸಂಘ ಕಟ್ಟಿದರು. ವಾರಲಿ ಆದಿವಾಸಿಗಳ ಹೋರಾಟಕ್ಕೆ ನೇತೃತ್ವ ಕೊಟ್ಟ ಗೋದಾವರಿ ಪರುಳೇಕರ ಅವರ ಹೆಸರನ್ನು ಅದಕ್ಕೆ ಇಟ್ಟರು. ಮೋರ್ಚಾ, ಅರ್ಜಿ, ದಿಲ್ಲಿ, ಮುಂಬಯಿ ಅಲೆದಾಟ ವರ್ಷಗಟ್ಟಲೆ ನಡೆಯಿತು. ಎರಡೂ ಸರ್ಕಾರಗಳ ನೆರವಿನ ಜೊತೆಗೆ ಹೆಂಗಸರು ತಮ್ಮ ಪಾಲನ್ನೂ ತುಂಬಿದರು. 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅವರ ಕೈಯಿಂದ ಮನೆಗಳ ಹಸ್ತಾಂತರವಾಯಿತು. ಒಟ್ಟು 10,000 ಮನೆ!

ಇದನ್ನು ಕಂಡು ಇತರರಿಗೂ ಧೈರ್ಯ ಬಂತು. ಕುಂಭಾರಿಯಲ್ಲೇ ರೇ ನಗರವೆಂಬ 30,000 ಮನೆಗಳ ಯೋಜನೆ ಹುಟ್ಟಿತು. ಮಗ್ಗದವರು, ಚಿಂದಿ ಆಯುವವರು, ಗಾಡಿ ಓಡಿಸುವವರು, ಬೀದಿ ವ್ಯಾಪಾರಿಗಳು, ಬೀಡಿ ಕಾರ್ಮಿಕರು ಅದರ ಫಲಾನುಭವಿಗಳು. 2019ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿ ಅಡಿಗಲ್ಲು ಇಟ್ಟರು. 2024ರ ಜನವರಿ 19ರಂದು ಮೊದಲ 15,000 ಮನೆಗಳನ್ನು ಅವರೇ ಒಪ್ಪಿಸಿದರು. ಇತ್ತ 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿಯ ಆ ಹಳೆಯ ಉಪಕರ ರದ್ದಾಗಿತ್ತು ಎಂಬುದನ್ನೂ ನೆನಪಿಡಬೇಕು.

ಇಲ್ಲಿಗೆ ಕಥೆ ಮುಗಿಯಿತೇ? ಇಲ್ಲ. ಮನೆ ಕಟ್ಟಿದರೆ ಊರು ಕಟ್ಟಿದಂತಲ್ಲ. ನಗರದಲ್ಲಿ ಜಾಗಕ್ಕೆ ಚಿನ್ನದ ಬೆಲೆ. ಆದ್ದರಿಂದ ಬಡವರ ಮನೆಗಳು ಯಾವಾಗಲೂ ಊರ ಹೊರಗೇ ಏಳುತ್ತವೆ. ದೂರದ ಬೆಲೆಯನ್ನು ಯಾರು ತೆರಬೇಕು? ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುವವಳಿಗೆ ಬಸ್ಸಿಗಾಗಿ ಕಾದ ಒಂದು ತಾಸು ಎಂದರೆ ಒಂದು ತಾಸಿನ ಬೀಡಿ ಕಡಿಮೆ. ರಿಕ್ಷಾಕ್ಕೆ ಕೊಟ್ಟ ರೊಕ್ಕ ಕೂಲಿಯಲ್ಲೇ ಹೋಯಿತು. ಬೀದಿ ದೀಪವಿಲ್ಲದಿದ್ದರೆ ಮಗಳು ಸಂಜೆಯ ಶಾಲೆ ಬಿಡುತ್ತಾಳೆ. ಗಟಾರವಿಲ್ಲದಿದ್ದರೆ ಮೊದಲ ಮಳೆಗೇ ಹೊಸ ಮನೆಯೊಳಗೆ ಹಳೆಯ ಜ್ವರ ಬರುತ್ತದೆ. ಕೆಲಸ ಮನೆಯ ಹತ್ತಿರ ಬರಬೇಕು, ಇಲ್ಲವೇ ಬಸ್ಸು ಹೊತ್ತಿಗೆ ಸರಿಯಾಗಿ ಬರಬೇಕು. ಎರಡೂ ಇಲ್ಲದ ಕಡೆ ಮನೆಗೆ ಬೀಗ ಹಾಕಿ ಜನ ಮತ್ತೆ ಹಳೆಯ ಖೋಲಿಗೇ ಮರಳುತ್ತಾರೆ.

ಬಂಧುಗಳೇ, ಗಡಿಯ ಈಚೆ ನಾವು 'ಘರಕುಲ' ಎನ್ನುತ್ತೇವೆ, ಆಚೆ 'ಆಶ್ರಯ ಮನೆ' ಎನ್ನುತ್ತಾರೆ. ಹೆಸರು ಯಾವುದೇ ಇರಲಿ, ನಿಮ್ಮ ಊರಲ್ಲಿ ಹೊಸ ಮನೆಗಳ ನಕಾಶೆ ಬಂದಾಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನೀರು ಎಲ್ಲಿಂದ? ಗಟಾರ ಎಲ್ಲಿಗೆ? ಬಸ್ಸು ಎಷ್ಟು ಹೊತ್ತಿಗೆ? ಮರಾಠಿಯಲ್ಲಿ ಕೇಳಿ, ಕನ್ನಡದಲ್ಲಿ ಕೇಳಿ. ಆದರೆ ಅಡಿಗಲ್ಲು ಇಡುವ ಮೊದಲೇ ಕೇಳಿ. ಎಂಟುನೂರು ವರ್ಷಗಳ ಹಿಂದೆ ಸಿದ್ಧರಾಮರ ಕೈ ಕೆರೆಗೆ ದುಡಿಯಿತು. ನಮ್ಮ ಕಾಲದಲ್ಲಿ ಬೀಡಿ ಕಟ್ಟುವ ಕೈಗಳು ಅದೇ ಸೊನ್ನಲಿಗೆಯ ಮಗ್ಗುಲಲ್ಲಿ ಒಂದು ಪೇಟೆಯನ್ನೇ ಎಬ್ಬಿಸಿವೆ. ಕೇಳುವ ಬಾಯಿ ನಮಗೂ ಇದೆ.